ಸುಮ್ಮನೆ ಬಂದವರಿಗೆ ಒಂದು ಹಂಡೆ ನೀರು

ನಮ್ಮ ಮನೆಯ ಔಷಧಿ ಪೆಟ್ಟಿಗೆಯಲ್ಲಿ ಒಂದು ತಿರುಪು ಇದೆ. ಗಂಟುಗಂಟಾದ, ಗೇಣಿಗೂ ಕಡಿಮೆ ಉದ್ದದ ಒಂದು ಹಿಡಿ. ಅದರ ನಡುವಿನಿಂದ ಹಂದಿಬಾಲದ ಹಾಗೆ ಸುರುಳಿ ಸುತ್ತಿಕೊಂಡು ಇಳಿದ ಉಕ್ಕಿನ ಕಡ್ಡಿ. ಚಿಕ್ಕವನಿದ್ದಾಗ ಅದರಿಂದ ನಾನು ಹುಣಸೆಹಣ್ಣಿನ ಗಡಿಗೆ ತೋಡಿದ್ದೇನೆ, ಕರಟದಿಂದ ಕೊಬ್ಬರಿ ಕಿತ್ತಿದ್ದೇನೆ, ಒಮ್ಮೆ ಪಕ್ಕದ ಮನೆಯ ಮಣ್ಣಿನ ಗೋಡೆಗೆ ತೂತು ಕೊರೆದು ಒದೆಯನ್ನೂ ತಿಂದಿದ್ದೇನೆ. ಮೊನ್ನೆ ಆ ಕಡ್ಡಿ ಹಿಡಿಯೊಳಗೆ ಲೊಡಲೊಡ ಅನ್ನತೊಡಗಿತು. ಹೊಸ ಹಿಡಿ ಹಾಕಿಸೋಣವೆಂದು ಚನ್ನಪಟ್ಟಣಕ್ಕೆ ಹೋಗಿ, ಬೊಂಬೆ ಕಡೆಯುವ ಹುಸೇನ್ ಸಾಬರ ಮುಂದೆ ಇಟ್ಟೆ.

ಸಾಬರು ಕನ್ನಡಕ ಏರಿಸಿ ನೋಡಿದರು. "ಏನ್ ಸ್ವಾಮಿ, ಇದು ಬಾಟ್ಲಿ ಬಿರಡೆ ಕೀಳೋದಲ್ವಾ? ಸೀಮೆ ಸಾರಾಯಿ ಬಾಟ್ಲೀದು?"

"ಛೆ ಛೆ! ಅದು ನಮ್ಮಜ್ಜಿಯ ಅರಿಷ್ಟದ ತಿರುಪು ಸಾಬರೇ."

ಅವರು ನನ್ನ ಹಣೆಯ ವಿಭೂತಿ ನೋಡಿದರು, ತಿರುಪು ನೋಡಿದರು, ಮತ್ತೆ ವಿಭೂತಿ ನೋಡಿದರು. "ಹೌದೌದು, ಅರಿಷ್ಟ. ನಮ್ ಬೀದೀಲೂ ಸುಮಾರು ಜನ ಸಾಯಂಕಾಲ ಆದ್ರೆ ಅರಿಷ್ಟ ತಗೋತಾರೆ."

ನನಗೆ ರೇಗಿತು. ನಾನು ಸುಲಭವಾಗಿ ರೇಗುವವನು ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ; ಆಕೆ ಹೇಳುವುದು ಸುಳ್ಳೇನಲ್ಲ. ಆದರೆ ಅಜ್ಜಿಯ ಹೆಸರು ಬಂದಾಗ ರೇಗದಿದ್ದರೆ ನಾನು ಮೊಮ್ಮಗನಾಗಿ ಹುಟ್ಟಿ ಏನು ಬಂತು? ಅಲ್ಲೇ ಮರದ ಹೊಟ್ಟಿನ ಮೇಲೆ ಕುಕ್ಕರಿಸಿ ಸಾಬರಿಗೆ ಕಥೆ ಶುರುಮಾಡಿದೆ. ಅವರು ಉಳಿ ಕೆಳಗಿಟ್ಟರು. ನೀವೂ ಕೈಯಲ್ಲಿರುವುದನ್ನು ಕೆಳಗಿಟ್ಟು ಒಂದು ಗಳಿಗೆ ಕೂರಿ.

ನೀವೀಗ ರಾಮನಗರ ಎನ್ನುವ ಊರು ಆಗ ಕ್ಲೋಸ್‌ಪೇಟೆ. ಬೆಂಗಳೂರಿನ ದಂಡಿನ ದೊರೆಗಳು ರಜೆ ಸಿಕ್ಕರೆ ಊಟಿಗೆ ಓಡುತ್ತಿದ್ದರು, ಇಲ್ಲವೇ ನಂದಿಬೆಟ್ಟ ಹತ್ತುತ್ತಿದ್ದರು. ಮನೆಯಲ್ಲಿ ಬೆಚ್ಚಗಿರುವುದು ಬಿಟ್ಟು, ಅಷ್ಟು ದೂರ ಹೋಗಿ, ಗಡಗಡ ನಡುಗಿ, ಆಮೇಲೆ ಅಗ್ಗಿಷ್ಟಿಕೆ ಹಚ್ಚಿಸಿಕೊಂಡು ಕೂರುವುದರಲ್ಲಿ ಏನು ಸುಖವೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ನಮ್ಮೂರಲ್ಲೇನು ಕಡಿಮೆ? ರೈಲು ಬಿಡದಿ ದಾಟಿತೆಂದರೆ ಸಾಕು, ಬೆಟ್ಟಗಳು ಎದ್ದು ನಿಲ್ಲುತ್ತವೆ. ಒಂದೊಂದು ಬಂಡೆಯೂ ಯಾರೋ ಈಗ ತಾನೇ ತೊಳೆದು ಬೋರಲು ಹಾಕಿದ ಪಾತ್ರೆಯ ಹಾಗೆ. ಕೆಳಗೆ ಅರ್ಕಾವತಿ, ಮೇಲೆ ರಾಮದೇವರ ಬೆಟ್ಟದಲ್ಲಿ ರಣಹದ್ದು. ಆ ಕಡೆ ಮಾಗಡಿಯ ಸಾವನದುರ್ಗ, ಈ ಕಡೆ ಕಾನಕಾನಹಳ್ಳಿಯ ಕಾಡು. ಇಷ್ಟಿದ್ದೂ ನಮ್ಮೂರಿನ ಪ್ರವಾಸಿ ಬಂಗಲೆ ವರ್ಷದಲ್ಲಿ ಅರ್ಧಕ್ಕರ್ಧ ದಿನ ಖಾಲಿ. ಆ ಬಂಗಲೆಯ ಮೇಟಿ, ಅಂದರೆ ಕಾವಲುಗಾರ, ಮೇಲ್ವಿಚಾರಕ, ನೀರು ತರುವವ, ಬೀಗ ಹಾಕುವವ ಎಲ್ಲವೂ, ನಮ್ಮ ತಾತ ಚನ್ನಬಸಪ್ಪ.

ತಾತನಿಗೆ ಆ ಕೆಲಸವೆಂದರೆ ಪ್ರಾಣ. ಸರ್ಕಾರದ ಹಿತ್ತಾಳೆ ಬಿಲ್ಲೆಯನ್ನು ಹುಣಸೆಹುಳಿ ಹಾಕಿ ಉಜ್ಜಿ ಎದೆಗೆ ಕಟ್ಟಿಕೊಂಡರೆ ಆತ ದಿವಾನರಿಗಿಂತ ಅರ್ಧ ಅಂಗುಲ ಮಾತ್ರ ಗಿಡ್ಡ. ಮಾಂಸ ಬೇಯುವ ಬಂಗಲೆಯ ಅಡಿಗೆಮನೆಯ ಕಡೆ ಮಾತ್ರ ಕಾಲಿಡುತ್ತಿರಲಿಲ್ಲ. ದೊರೆಗಳು ತಮ್ಮ ಬಟ್ಲರನ್ನು ತಾವೇ ಕರೆತರುತ್ತಿದ್ದರು. ಹಾಗಿದ್ದೂ ಅಜ್ಜಿ ಗಂಗಮ್ಮ, ಆತ ಸ್ನಾನ ಮಾಡಿ ವಿಭೂತಿ ಧರಿಸುವ ತನಕ ಹೊಸಿಲು ದಾಟಗೊಡುತ್ತಿರಲಿಲ್ಲ. "ಆ ವಾಸ್ನೆ ಒತ್ಕಂಡು ಒಳೀಕ್ ಬರಬ್ಯಾಡಿ" ಎನ್ನುತ್ತಿದ್ದಳಂತೆ.

ಈ ತಾತನ ಕೆಲಸಕ್ಕೇ ಕುತ್ತು ಬಂದಿತ್ತು. ಬಂಗಲೆಯಲ್ಲಿ ಒಂದು ಪುಸ್ತಕ. ಬಂದವರು ಹೊರಡುವಾಗ ಅದರಲ್ಲಿ ನಾಲ್ಕು ಸಾಲು ಬರೆಯಬೇಕು. ಒಬ್ಬ ದೊರೆ, "ಇಲ್ಲಿನ ಹಲ್ಲಿಗಳು ಅತಿಯಾಗಿ ಲೊಚಗುಟ್ಟುತ್ತವೆ" ಎಂದು ಬರೆದು ಹೋದ. ಇನ್ನೊಬ್ಬ, "ಮೇಟಿಯ ಗೊರಕೆ ಜಗುಲಿಯವರೆಗೆ ಕೇಳಿಸುತ್ತದೆ" ಎಂದ. ಅಮಲ್ದಾರರು ತಾತನನ್ನು ಕರೆಸಿ, "ಎರಡು ದೂರು ಆಯಿತು. ಮೂರನೆಯದು ಬಿದ್ದ ದಿನ ಬಿಲ್ಲೆ ಬಿಚ್ಚಿಟ್ಟು ಮನೆಗೆ ಹೋಗು" ಎಂದರು. ತಾತ ಆಮೇಲೆ ಮನೆಯಲ್ಲಿ ಗೊಣಗಿದ್ದೇ ಗೊಣಗಿದ್ದು. "ಗೊರ್ಕೆ ನಂದು, ಒಪ್ಕತೀನಿ. ಹಲ್ಲಿ ಏನ್ ನನ್ ಕೈ ಕೆಳಗಿನ ಜವಾನ್ನಾ?"

ಅಂಥ ಹೊತ್ತಿನಲ್ಲಿ ದಂಡಿನಿಂದ ಒಬ್ಬ ದೊರೆ, ಆತನ ಹೆಂಡತಿ, ಅವರ ಬಟ್ಲರು ಅಂತೋಣಿ ನಾಲ್ಕು ದಿನಕ್ಕೆಂದು ಬಂದಿಳಿದರು. ಇಲ್ಲಿಂದ ಮುಂದಿನದು ನಾನು ಹುಟ್ಟುವುದಕ್ಕೆ ಮುಂಚಿನ ಮಾತು. ಆದರೂ ನಾನೇ ಕಿಟಕಿಯಲ್ಲಿ ನಿಂತು ನೋಡಿದ ಹಾಗೆ ಹೇಳುತ್ತೇನೆ. ತಾತ ಒಂದು ಥರ, ಅಜ್ಜಿ ಒಂದು ಥರ, ಇಬ್ಬರೂ ಸೇರಿ ನೂರು ಸಲ ಹೇಳಿದ್ದಾರೆ.

ಯಾಕೆ ಬಂದಿರಿ ಎಂದು ಅಮಲ್ದಾರರ ಕಚೇರಿಯಲ್ಲಿ ಕೇಳಿದ್ದಕ್ಕೆ ದೊರೆ, "ಸುಮ್ಮನೆ, ಹವಾ ಬದಲಾವಣೆಗೆ" ಅಂದನಂತೆ. ಇದು ಊರಿಗೆ ಹಬ್ಬಲು ಎಷ್ಟು ಹೊತ್ತು? ನಮ್ಮ ಕಡೆ ಜನ ಮದುವೆಗೆ ಹೋಗುತ್ತಾರೆ, ತಿಥಿಗೆ ಹೋಗುತ್ತಾರೆ, ಹರಕೆಗೆ ಹೋಗುತ್ತಾರೆ, ಎತ್ತು ಕೊಳ್ಳುವುದಕ್ಕೆ ಹೋಗುತ್ತಾರೆ. ಹವಾ ಬದಲಾವಣೆಗೆ ಹೋಗುವವರು ಒಂದೇ ಜಾತಿ: ಕಾಯಿಲೆಯವರು. ಊರು ತೀರ್ಮಾನ ಮಾಡಿಬಿಟ್ಟಿತು, ದೊರೆಸಾನಿಗೆ ಏನೋ ಭಾರೀ ಕಾಯಿಲೆ. ಸಂಜೆಯ ಹೊತ್ತಿಗೆ ಬಂಗಲೆಯ ಮೆಟ್ಟಿಲ ಮೇಲೆ ಒಬ್ಬರು ರಾಗಿ ಗಂಜಿ, ಒಬ್ಬರು ದೊಡ್ಡಪತ್ರೆ, ಒಬ್ಬರು ತಡೆ ಕಟ್ಟಿದ ದಾರ ತಂದಿಟ್ಟಿದ್ದರು. ಅಂತೋಣಿ ತಲೆ ಚಚ್ಚಿಕೊಂಡ. "ಅಯ್ಯೋ ಮೇಟಿ, ಅಮ್ಮಾಗೆ ಒಣ್ಣೂ ಇಲ್ಲೆ! ಸುಮ್ನೆ ಬಂದಿದಾರೆ, ಬೆಟ್ಟ ನೋಡಕ್ಕೆ!"

ತಾತ ಗಂಜಿಯನ್ನೆಲ್ಲ ವಾಪಸ್ಸು ಕಳಿಸಿದ. ಅಜ್ಜಿಯನ್ನು ಕಳಿಸುವುದು ಮಾತ್ರ ಆತನಿಂದ ಆಗಲಿಲ್ಲ. ದಿನಾ ಹಾಲು ಕೊಡಲು ಹೋಗುವವಳು ಅವಳೇ. ಅವಳ ತವರು ಕಾನಕಾನಹಳ್ಳಿ ಕಡೆಯ ಮರಳವಾಡಿ. ಅಪ್ಪ ನಾಟಿ ವೈದ್ಯ. ದ್ರಾಕ್ಷಿ, ಬೆಲ್ಲ, ಮೂಲಿಕೆ ಗಡಿಗೆಗೆ ತುಂಬಿ, ಬಾಯಿ ಮುಚ್ಚಿ, ಭತ್ತದ ರಾಶಿಯಲ್ಲಿ ಹೂತಿಟ್ಟು, ತಿಂಗಳ ಮೇಲೆ ತೆಗೆದು, ನಿಶ್ಶಕ್ತರಿಗೆಲ್ಲ ಒಂದೊಂದು ಚಮಚ ಕೊಡುತ್ತಿದ್ದವನು. ಅಜ್ಜಿ ಆ ವಾಸನೆಯಲ್ಲೇ ಬೆಳೆದವಳು. ಮೊದಲನೆಯ ಸಂಜೆ ಹಾಲು ಕೊಡಲು ಹೋದಾಗ ಜಗುಲಿಯ ಮೇಜಿನ ಮೇಲೆ ಒಂದು ಕಪ್ಪು ಬಾಟಲಿ, ದೊರೆಸಾನಿಯ ಕೈಯಲ್ಲಿ ಒಂದು ಪುಟ್ಟ ಲೋಟ. ಅಜ್ಜಿ ಮೂಗರಳಿಸಿದಳು. ಮನೆಗೆ ಬಂದು ತಾತನ ಮುಂದೆ ನಿಂತಳು.

"ನೀವ್ ಯೋಳಿದ್ದು ಸುಳ್ಳು. ಆಯಮ್ಮ ದ್ರಾಕ್ಷಾರಿಷ್ಟ ಕುಡೀತಾವ್ಳೆ. ಸುಮ್ಕಿರೋರು ಅರಿಷ್ಟ ಯಾಕ್ ಕುಡೀತಾರೆ?"

"ಲೇ, ಅದು ಅವ್ರ ಸೀಮೆ ಪಾನಕ ಕಣೆ!"

"ನಮ್ಮಪ್ಪ ಜಲ್ಮ ಎಲ್ಲ ಮಾಡಿದ್ದು ಅದ್ನೇಯ. ನನ್ ಮೂಗಿಗೆ ಪಾಠ ಯೋಳ್ಬ್ಯಾಡಿ."

ತಾತ ಕೈ ಮುಗಿದ. ಒಂದು ದೂರು ಬಿದ್ದರೆ ಬಿಲ್ಲೆ ಹೋಗುತ್ತದೆ, ಬಿಲ್ಲೆ ಹೋದರೆ ಊರಲ್ಲಿ ಮುಖ ಎತ್ತುವ ಹಾಗಿಲ್ಲ, ಹಾಲಿಟ್ಟು ಬಾ, ಮಿಕ್ಕಿದ್ದಕ್ಕೆ ಕೈ ಹಾಕಬೇಡ ಎಂದ. ಅಜ್ಜಿ ಆಯಿತೆಂದಳು. ಅವಳು ಆಯಿತೆಂದರೆ ಕಿವಿಗೆ ಬಿತ್ತು ಎಂದರ್ಥ, ಅಷ್ಟೆ.

ಎರಡನೆಯ ದಿನ ಅವಳು ಕಂಡದ್ದೇ ಬೇರೆ. ದೊರೆಸಾನಿ ಕುರ್ಚಿಯಲ್ಲಿ ಕುಳಿತು ಬೆಟ್ಟ ನೋಡುತ್ತಿದ್ದಳು. ಎಡ ತೊಡೆ ತನ್ನಷ್ಟಕ್ಕೆ ತಾನು ಮೆಲ್ಲಗೆ ತೂಗುತ್ತಿತ್ತು, ಮಗು ಮಲಗಿಸುವವರದು ತೂಗುತ್ತದಲ್ಲ, ಹಾಗೆ. ಅಜ್ಜಿ ಹಾಲಿನ ಚೆಂಬು ಮೇಜಿನ ಮೇಲಿಟ್ಟಳಂತೆ. ಆಮೇಲೆ ಹಿಂದಕ್ಕೆ ಹೋಗಿ, ತಟ್ಟೆ ತೊಳೆಯುತ್ತಿದ್ದ ಅಂತೋಣಿಯನ್ನು ಕೇಳಿದಳು.

"ಕೂಸೆಲ್ಲಪ್ಪಾ?"

ಅಂತೋಣಿಯ ಕೈಯಿಂದ ತಟ್ಟೆ ಜಾರಿತು. ಆಚೆ ಈಚೆ ನೋಡಿ ಪಿಸುಗುಟ್ಟಿದ. ಹುಟ್ಟಿ ಒಂಬತ್ತು ದಿನಕ್ಕೆ ಹೋಯಿತು, ನಾಲ್ಕು ತಿಂಗಳಾಯಿತು. ಅಮ್ಮನ ತವರು ಇಂಗ್ಲೆಂಡೂ ಅಲ್ಲ, ಫ್ರಾನ್ಸು. ಬೆಟ್ಟದ ತುಂಬ ದ್ರಾಕ್ಷಿ ತೋಟವಂತೆ, ಆ ಬಾಟಲಿ ಅಲ್ಲಿಂದಲೇ ಬಂದದ್ದು. ಇಲ್ಲಿ ಆಕೆಯ ಭಾಷೆ ಆಡುವವರು ಒಬ್ಬರಿಲ್ಲ. ದೊರೆ ಊಟಿಗೆ ಕರೆದುಕೊಂಡು ಹೋದರು, ನಂದಿಗೆ ಕರೆದುಕೊಂಡು ಹೋದರು, ಎಲ್ಲಿ ಹೋದರೂ ಆಕೆಗೆ ನಿದ್ದೆಯಿಲ್ಲ, ಅಳುವೂ ಇಲ್ಲ. "ಸುಮ್ನೆ ಹಿಂಗೇ ಕೂತ್ಕೋತಾರಮ್ಮಾ" ಎಂದ.

"ಬಾಣಂತನ ಯಾರ್ ಮಾಡುದ್ರು?"

ಅಂತೋಣಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಅಜ್ಜಿಗೆ ಉತ್ತರ ತಿಳಿಯಿತು. ಎಣ್ಣೆ ಇಲ್ಲ, ನೀರಿಲ್ಲ, ಖಾರವಿಲ್ಲ, ಹೊಗೆಯಿಲ್ಲ. ಹೆತ್ತ ಹೆಂಗಸನ್ನು ಹಾಗೇ ಎಬ್ಬಿಸಿ ಊರೂರು ಸುತ್ತಿಸುತ್ತಿದ್ದಾರೆ. ಅವಳಿಗೆ ತಡೆಯಲಾರದ ಸಿಟ್ಟು ಬಂತು. ಸಿಟ್ಟಿಗೆ ಕಾರಣ ಇನ್ನೊಂದೂ ಇತ್ತು. ಅದನ್ನು ಅವಳು ನನಗೆ ಹೇಳಿದ್ದು ಒಂದೇ ಸಲ. ನಮ್ಮಪ್ಪನಿಗೆ ಮುಂಚೆ ಅವಳಿಗೂ ಒಂದು ಕೂಸು ಹೋಗಿತ್ತು. ಆಗ ಅವಳ ತಾಯಿ ಮರಳವಾಡಿಯಿಂದ ನಡೆದು ಬಂದು, "ಮಗ ಇದ್ರೂ ಬಾಣಂತಿ, ಇಲ್ದಿದ್ರೂ ಬಾಣಂತಿ" ಎಂದು ಒಂದು ತಿಂಗಳು ನೀರು ಹಾಕಿದ್ದಳು.

ಮೂರನೆಯ ದಿನ ದೊರೆ ದುರ್ಬೀನು ಹೆಗಲಿಗೆ ಹಾಕಿಕೊಂಡು, ಕುದುರೆ ಹತ್ತಿ, ರಣಹದ್ದು ನೋಡಲು ರಾಮದೇವರ ಬೆಟ್ಟಕ್ಕೆ ಹೋದ. ಅದನ್ನೇ ಕಾಯುತ್ತಿದ್ದ ಅಜ್ಜಿ ಸೆರಗು ಬಿಗಿದು, ಹರಳೆಣ್ಣೆ, ಸೀಗೆಪುಡಿ, ಸಾಂಬ್ರಾಣಿ, ಬೆಳ್ಳುಳ್ಳಿ ಮೆಣಸಿನ ಖಾರದ ಬಟ್ಟಲು ಹೊತ್ತು ಬಂಗಲೆಗೆ ನುಗ್ಗಿದಳು. ಬಚ್ಚಲಿನ ತಾಮ್ರದ ಹಂಡೆಗೆ ನೀರು ತುಂಬಿ ಉರಿ ಹಾಕಿದಳು. ತಾತ ಬಾಗಿಲಿಗೆ ಅಡ್ಡ ನಿಂತ.

"ಲೇ ಗಂಗೀ, ನನ್ ಬಿಲ್ಲೆ ಹೋಯ್ತದೆ ಕಣೇ! ಅವ್ರ ಜಾತಿಯೇನು, ನಮ್ ಜಾತಿಯೇನು!"

"ಬಾಣಂತಿಗೆ ಯಾವ್ ಜಾತಿ? ಒಸಿ ಆ ಕಡೀಕ್ ನಿಂತ್ಕಳಿ, ನೀರ್ ಆರೋಯ್ತದೆ."

ದೊರೆಸಾನಿ ಯಾಕೆ ಒಪ್ಪಿದಳೋ ಗೊತ್ತಿಲ್ಲ. ಅಜ್ಜಿ ಕೈ ಹಿಡಿದು ಎಬ್ಬಿಸಿದಳಂತೆ, ಆಕೆ ಎದ್ದಳಂತೆ. ಮಣೆಯ ಮೇಲೆ ಕೂರಿಸಿ ನೆತ್ತಿಗೆ ಎಣ್ಣೆ ತಟ್ಟಿದ ಸದ್ದು ಜಗುಲಿಗೆ ಕೇಳಿಸಿತು. ಒಂದೊಂದು ಏಟಿಗೂ ತಾತ ಹೊರಗೆ, "ಹೋಯ್ತು, ಹೋಯ್ತು" ಎನ್ನುತ್ತಿದ್ದ. ಅಂತೋಣಿ ಶಿಲುಬೆ ಗುರುತು ಮಾಡಿಕೊಳ್ಳುತ್ತಿದ್ದ. ಮೈಗೆಲ್ಲ ಎಣ್ಣೆ ತೀಡಿ, ಸುಡುಸುಡು ನೀರನ್ನು ಚೆಂಬು ಚೆಂಬಾಗಿ ಸೊಂಟಕ್ಕೆ ಎರಚುವಾಗ ದೊರೆಸಾನಿ ತನ್ನ ಭಾಷೆಯಲ್ಲಿ ಏನೋ ಹೇಳತೊಡಗಿದಳು. ಆ ಭಾಷೆ ಅಂತೋಣಿಗೂ ಬಾರದು. ಹೇಳುತ್ತ ಹೇಳುತ್ತ ಅಳು ಬಂತು. ಬಂದ ಅಳು ನಿಲ್ಲಲಿಲ್ಲ. ಅಜ್ಜಿ ಪ್ರತಿ ಮಾತಿಗೂ, "ಹೂಂ ಕಣವ್ವಾ, ಹೂಂ, ಅಳು ಮಗಾ" ಎನ್ನುತ್ತಾ ನೀರು ಹಾಕಿದಳು. ಹಂಡೆ ಎರಡು ಸಲ ಖಾಲಿಯಾಯಿತು. ಆಮೇಲೆ ಕಿವಿ ಮುಚ್ಚುವ ಹಾಗೆ ತಲೆಗೆ ಬಟ್ಟೆ ಕಟ್ಟಿ, ಮಂಚದಲ್ಲಿ ಮಲಗಿಸಿ, ಕಂಬಳಿ ಹೊದಿಸಿ, ಕೆಂಡಕ್ಕೆ ಸಾಂಬ್ರಾಣಿ ಎರಚಿದಳು. ಖಾರ ಒಂದು ಉಂಡೆ ನುಂಗಿಸಿದಳು. ಮೇಲಿಂದ ಆ ಕಪ್ಪು ಬಾಟಲಿಯ ಅರಿಷ್ಟ ಒಂದು ಒಳಲೆ ಕುಡಿಸಿದಳು. ಕುಡಿಸುವ ಮುಂಚೆ, ಪಾಕ ಸರಿಯಾಗಿದೆಯೇ ಎಂದು ಬೆರಳಿಗೆ ಹಚ್ಚಿಕೊಂಡು ತಾನೂ ನೆಕ್ಕಿ ನೋಡಿದಳು. "ಬೆಲ್ಲ ಸಾಲ್ದು" ಎಂದಳಂತೆ. ಹಣೆ ತುಂಬ ವಿಭೂತಿ ಇಟ್ಟುಕೊಂಡು ಸೀಮೆ ಸಾರಾಯಿ ನೆಕ್ಕಿದವಳು ಎಂದು ತಾತ ಸಾಯುವ ತನಕ ಹಂಗಿಸಿದ.

ಅಷ್ಟರಲ್ಲಿ ಬೆಟ್ಟದ ಮೇಲಿದ್ದ ದೊರೆ, ಹದ್ದು ನೋಡಿ ಬೇಜಾರಾಗಿ, ದುರ್ಬೀನು ಊರಿನ ಕಡೆ ತಿರುಗಿಸಿದ. ಬಂಗಲೆಯ ಹೆಂಚಿನ ಸಂದಿಯಿಂದೆಲ್ಲ ಬೆಳ್ಳಗೆ ಹೊಗೆ! ಬಂಗಲೆಗೆ ಬೆಂಕಿ ಬಿದ್ದಿದೆ ಎಂದು ಕುದುರೆ ಓಡಿಸಿಕೊಂಡು, ಟೊಪ್ಪಿಗೆ ಎಲ್ಲೋ ಬೀಳಿಸಿಕೊಂಡು, ಅರಚುತ್ತಾ ಬಂದ. ಒಳಗೆ ನುಗ್ಗಿದರೆ ಸಾಂಬ್ರಾಣಿ ಹೊಗೆಯ ನಡುವೆ ಒಬ್ಬ ಹೆಂಗಸು ಬೀಸಣಿಗೆ ಹಿಡಿದು ನಿಂತಿದ್ದಾಳೆ, ಮಂಚದ ಮೇಲೆ ಬೆಳ್ಳುಳ್ಳಿ ನಾರುವ ಒಂದು ಗಂಟು ಬಿದ್ದಿದೆ. ದೊರೆ ಇಂಗ್ಲಿಷಿನಲ್ಲಿ ಗರ್ಜಿಸಿದ. ತಾತನಿಗೆ ಅದರಲ್ಲಿ ಅರ್ಥವಾದದ್ದು ಒಂದೇ, ಬಿಲ್ಲೆ ಹೋಯಿತು. ಅಲ್ಲೇ ಬಿಚ್ಚತೊಡಗಿದ.

ಅಜ್ಜಿ ಬೀಸಣಿಗೆ ಎತ್ತಿ ದೊರೆಗೆ, "ಶ್!" ಎಂದಳು.

ದೊರೆ ಬಗ್ಗಿ ನೋಡಿದ. ಗಂಟಿನೊಳಗೆ ಆತನ ಹೆಂಡತಿ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದಳು. ಆತ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತ. ತಾತನಿಗೆ ಹತ್ತಿರ ಹೋಗಲು ಧೈರ್ಯವಾಗಲಿಲ್ಲ. ದೊರೆಯ ಬೆನ್ನು ಅಲುಗುತ್ತಿತ್ತು ಎಂದಷ್ಟೇ ಹೇಳುತ್ತಿದ್ದ. ಆಕೆ ಎದ್ದದ್ದು ಮಾರನೆಯ ದಿನ ಬಿಸಿಲೇರಿದ ಮೇಲೆ.

ನಾಲ್ಕು ದಿನಕ್ಕೆ ಬಂದವರು ಹದಿನೈದು ದಿನ ಇದ್ದರು. ದಿನಾ ನೀರು, ದಿನಾ ಹೊಗೆ. ಹೊರಡುವ ದಿನ ಅಜ್ಜಿ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಎಲೆ ಅಡಿಕೆ ತಂದು, ತವರಿನಿಂದ ಮಗಳನ್ನು ಕಳಿಸುವ ಹಾಗೆ ಮಡಿಲು ತುಂಬಲು ನಿಂತಳು. ಗೌನು ಹಾಕಿದವಳಿಗೆ ಸೆರಗೆಲ್ಲಿ, ಮಡಿಲೆಲ್ಲಿ? ದೊರೆಸಾನಿ ತಲೆಯ ಮೇಲಿನ ಹ್ಯಾಟು ತೆಗೆದು ಎರಡೂ ಕೈಯಲ್ಲಿ ಒಡ್ಡಿದಳು. ಅಜ್ಜಿ ಅದಕ್ಕೇ ತುಂಬಿದಳು. ಆಕೆ ಪ್ರತಿಯಾಗಿ ಏನು ಕೊಡಲೆಂದು ಪೆಟ್ಟಿಗೆಯೆಲ್ಲ ತಡಕಿ, ಕಡೆಗೆ ಈ ತಿರುಪನ್ನು ಅಜ್ಜಿಯ ಕೈಗಿಟ್ಟಳು. ಅಪ್ಪನ ತೋಟದ ದ್ರಾಕ್ಷಿ ಬಳ್ಳಿಯ ಬೇರಿನಿಂದ ಮಾಡಿದ ಹಿಡಿಯಂತೆ. ತನ್ನ ತವರಿನದೆಂದು ಆಕೆಯ ಹತ್ತಿರ ಇದ್ದದ್ದು ಅದೊಂದೇ ಎಂದು ಅಂತೋಣಿ ಹೇಳಿದ.

ದೊರೆ ಪುಸ್ತಕದಲ್ಲಿ ಬರೆದ. ಉದ್ದವೇನಿಲ್ಲ, ಎರಡೇ ಸಾಲು. ಗಾಡಿ ಹೋದ ಮೇಲೆ ತಾತ ಪುಸ್ತಕವನ್ನು ಶಲ್ಯದಲ್ಲಿ ಸುತ್ತಿ ಸ್ಟೇಷನ್ ಮಾಸ್ತರರ ಹತ್ತಿರ ಓಡಿದ. ಇಂಗ್ಲಿಷ್ ಬಲ್ಲವರು, ಅಮಲ್ದಾರರಿಗೆ ಹೇಳದವರು ಅವರೊಬ್ಬರೇ. ಮಾಸ್ತರರು ಮೊದಲ ಸಾಲು ಓದಿದರು: "ಇಲ್ಲಿನ ಮೇಟಿಯ ಹೆಂಡತಿ ಅತಿಥಿಗಳನ್ನು ಕೇಳದೆ ಅವರ ವಿಷಯದಲ್ಲಿ ಕೈ ಹಾಕುತ್ತಾಳೆ."

ತಾತ ಬೆಂಚಿನ ಮೇಲೆ ಕುಸಿದ. ಬಿಲ್ಲೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

"ಇರಯ್ಯಾ, ಇನ್ನೂ ಇದೆ" ಎಂದು ಮಾಸ್ತರರು ಎರಡನೆಯದನ್ನೂ ಓದಿದರು. "ಆಕೆಯನ್ನು ಯಾರೂ ತಡೆಯಕೂಡದು."

ತಾತ ಮನೆಗೆ ಬಂದು ಇದನ್ನು ಹೇಳಿದಾಗ ಅಜ್ಜಿ ಮುದ್ದೆ ತೊಳಸುತ್ತಿದ್ದಳು. ತಿರುಗಿಯೂ ನೋಡಲಿಲ್ಲ. "ತಡಿಯಾಕೆ ಯಾವೋನ್ಗೆ ಆಯ್ತದೆ? ಅದ್ನೂ ಬರ್ದು ಮಡಗ್ಬೇಕಾ?" ಎಂದಳು. ಆದರೆ ಅವತ್ತಿನ ಮುದ್ದೆ ತುಂಬ ಗಂಟು ಎಂದು ತಾತ ಗುಟ್ಟಾಗಿ ನನಗೆ ಹೇಳಿದ್ದಾನೆ.

ಮಾಸ್ತರರು ಒಳ್ಳೆಯವರು, ಪಾಪ, ಸಮಾಧಾನಕ್ಕೆ ಎರಡನೆಯ ಸಾಲು ತಾವೇ ಸೇರಿಸಿರಬಹುದೆಂಬ ಅನುಮಾನ ತಾತನಿಗೆ ವರ್ಷಗಟ್ಟಲೆ ಇತ್ತು. ನಾನು ಇಂಗ್ಲಿಷ್ ಕಲಿತ ವರ್ಷ ನನ್ನನ್ನು ಬಂಗಲೆಗೆ ಕರೆದುಕೊಂಡು ಹೋಗಿ ಓದಿಸಿದ. ಎರಡನೆಯ ಸಾಲು ಇತ್ತು. ಕೆಳಗೆ ದುಂಡಗಿನ ಬೇರೆ ಕೈಬರಹದಲ್ಲಿ ಇಂಗ್ಲಿಷಲ್ಲದ ಒಂದು ಪದವೂ ಇತ್ತು. ನನಗೆ ಬರಲಿಲ್ಲ. "ಅದು ಬುಡು, ಅದು ನಿಮ್ಮಜ್ಜೀಗೆ ಬರ್ದಿರಾದು" ಎಂದ ತಾತ.

ಆಮೇಲೆ ಏನಾಯಿತೆಂದು ಕೇಳುತ್ತೀರಾ? ಅಜ್ಜಿಯ ನೀರಿನ ಸುದ್ದಿ ದಂಡಿನಲ್ಲಿ ಹಬ್ಬಿತು. ಊಟಿ ನಂದಿ ಎನ್ನುತ್ತಿದ್ದ ದೊರೆಸಾನಿಯರು ಕ್ಲೋಸ್‌ಪೇಟೆಗೆ ಇಳಿಯತೊಡಗಿದರು. ಬಂಗಲೆ ಖಾಲಿ ಬೀಳುವುದು ನಿಂತಿತು. ನಮ್ಮೂರಿಗೆ ಬೆಟ್ಟ ನೋಡಲು ಬಂದರು ಎಂದು ಊರವರು ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳಲಿ, ಬೆಟ್ಟವೂ ನಮ್ಮದೇ. ಆದರೆ ಅವರು ಬಂದದ್ದು ನಮ್ಮಜ್ಜಿಯ ಹಂಡೆಗೆ. ಎಲ್ಲರೂ ಇಳಿದೊಡನೆ ಹೇಳುತ್ತಿದ್ದದ್ದು ಒಂದೇ ಮಾತು, ಸುಮ್ಮನೆ ಬಂದೆವು ಅಂತ. ಅಜ್ಜಿ ನಗುತ್ತಿದ್ದಳು. "ಸುಮ್ಕೆ ಯಾರೂ ಬರಾಕಿಲ್ಲ ಕಣ್ಲಾ" ಎಂದು ನನಗೆ ಹೇಳುತ್ತಿದ್ದಳು.

ಇಷ್ಟು ಕೇಳಿದ ಮೇಲೆ ಹುಸೇನ್ ಸಾಬರು ತಿರುಪನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. "ಇದಕ್ಕೆ ಬೊಂಬೆ ಮಾಡೋ ಹಾಲೆ ಮರದ ಹಿಡಿ ಹಾಕಿದ್ರೆ ಪಾಪ ಬರುತ್ತೆ ಸ್ವಾಮಿ" ಎಂದು, ಅರಗು ಕಾಯಿಸಿ ತೂತಿಗೆ ಬಿಟ್ಟು, ಕಡ್ಡಿಯನ್ನು ಹಳೆಯ ಬೇರಿನಲ್ಲೇ ಕೂರಿಸಿಕೊಟ್ಟರು. ಈಗ ಅಲುಗುವುದಿಲ್ಲ.

ಅವರಿಗೆ ಹೇಳದ ಒಂದು ಮಾತು ನಿಮಗೆ ಹೇಳಿಬಿಡುತ್ತೇನೆ. ನಮ್ಮ ಮನೆತನದಲ್ಲೇ ಮೊದಲು ಬೆಂಗಳೂರಿಗೆ ಓದಲು ಹೋದವನು ನಾನು. ಪಾಸಾಗಿಯೇ ಬರುತ್ತೇನೆಂದು ಊರಲ್ಲೆಲ್ಲ ಜಂಬ ಕೊಚ್ಚಿ ಹೋಗಿದ್ದೆ. ಫಲಿತಾಂಶದ ಹಲಗೆಯಲ್ಲಿ ನನ್ನ ಹೆಸರಿರಲಿಲ್ಲ. ಯಾರಿಗೂ ಹೇಳದೆ ಬೆಳಗಿನ ರೈಲು ಹತ್ತಿ ಬಂದೆ. ಅಜ್ಜಿ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು, ತಾತ ಗೋಡೆಗೆ ಒರಗಿದ್ದ. ಇಬ್ಬರಿಗೂ ವಯಸ್ಸಾಗಿತ್ತು.

"ಯಾಕ್ಲಾ ಮಗಾ, ರಜ ಕೊಟ್ರಾ?" ಎಂದಳು ಅಜ್ಜಿ.

"ಇಲ್ಲ ಅಜ್ಜಿ" ಎಂದೆ. "ಸುಮ್ಮನೆ ಬಂದೆ."

ಅಜ್ಜಿಯ ಕೈ ನಿಂತಿತು. ಅವಳು ತಾತನ ಮುಖ ನೋಡಿದಳು. ತಾತ ಮೊಣಕಾಲು ಹಿಡಿದುಕೊಂಡು ಎದ್ದು, ಹಂಡೆಗೆ ನೀರು ಸೇದಲು ಬಾವಿಯ ಕಡೆ ಹೋದ.